ಬಾರದವರನ್ನು ಹುಡುಕಿ ಹೋದ ಆಸ್ಪತ್ರೆ

ಮದುರೈಯ ಅಣ್ಣಾನಗರದ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ತೋರಿಸಿಕೊಳ್ಳುವವರಿಗೆ ಒಂದು ಕಟ್ಟಡ, ಪುಕ್ಕಟೆ ತೋರಿಸಿಕೊಳ್ಳುವವರಿಗೆ ಇನ್ನೊಂದು. ಯಾವುದಕ್ಕೆ ಹೋಗಬೇಕೆಂದು ತೀರ್ಮಾನಿಸುವವರು ಬಂದವರೇ. ಪಡಿತರ ಚೀಟಿ ಎಲ್ಲಿ, ಆದಾಯ ಪ್ರಮಾಣಪತ್ರ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಬೇಗನೆ ಹೋಗಿದ್ದೆ. ಆಗಲೇ ಎರಡೂ ಕಡೆ ಜನವೋ ಜನ. ಆದರೂ ನೂಕುನುಗ್ಗಲಿಲ್ಲ, ಕೂಗಾಟವಿಲ್ಲ. ಸೀರೆಯುಟ್ಟ ಹುಡುಗಿಯರು ಅಜ್ಜ ಅಜ್ಜಿಯರ ಕೈ ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ‘ಸಿಸ್ಟರ್’. ಸುತ್ತಮುತ್ತಲ ಹಳ್ಳಿಗಳಲ್ಲಿ ಶಾಲೆ ಮುಗಿಸಿ ಬಂದು ಎರಡು ವರ್ಷ ತರಬೇತಿ ಪಡೆದವರು. ದೃಷ್ಟಿ ಅಳೆಯುವುದು, ಕಣ್ಣಿಗೆ ಹನಿ ಹಾಕುವುದು, ಆಪರೇಷನ್ನಿಗೆ ಅಣಿಗೊಳಿಸುವುದು ಎಲ್ಲವೂ ಅವರ ಕೈಯಲ್ಲೇ.

ಥಿಯೇಟರಿನಲ್ಲಿ ಮೇಜುಗಳು ಅಕ್ಕಪಕ್ಕ. ಒಬ್ಬರ ಪೊರೆ ತೆಗೆದು ಮುಗಿಯುವ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಸಿದ್ಧವಾಗಿ ಮಲಗಿರುತ್ತಾರೆ. ವೈದ್ಯರು ಮೈಕ್ರೋಸ್ಕೋಪನ್ನು ಆ ಕಡೆ ತಿರುಗಿಸಿಕೊಂಡರೆ ಆಯಿತು. ಇದನ್ನು ಕಟ್ಟಿದವರು ಡಾ. ಗೋವಿಂದಪ್ಪ ವೆಂಕಟಸ್ವಾಮಿ. ಎಳೆಯ ವಯಸ್ಸಿನಲ್ಲೇ ಸಂಧಿವಾತ ಅವರ ಬೆರಳುಗಳನ್ನು ತಿರುಚಿಹಾಕಿತ್ತು. ಅದೇ ಬೆರಳುಗಳಲ್ಲಿ ಚಾಕು ಹಿಡಿಯಲು ಕಲಿತು ಲಕ್ಷಕ್ಕೂ ಮೀರಿ ಆಪರೇಷನ್ ಮಾಡಿದರು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ 1976ರಲ್ಲಿ, 58ನೇ ವಯಸ್ಸಿನಲ್ಲಿ, 11 ಹಾಸಿಗೆಗಳಿಂದ ಶುರು ಮಾಡಿದ ಆಸ್ಪತ್ರೆ ಇದು. ಮೆಕ್‌ಡೊನಾಲ್ಡ್ಸ್ ಅಂಗಡಿಗಳಲ್ಲಿ ಎಲ್ಲಿ ಹೋದರೂ ಒಂದೇ ರುಚಿ, ಒಂದೇ ಅಚ್ಚುಕಟ್ಟು. ಕಣ್ಣಿನ ಚಿಕಿತ್ಸೆಗೂ ಅದು ಯಾಕಾಗಬಾರದು ಎಂದು ಅವರು ಕೇಳುತ್ತಿದ್ದರಂತೆ.

ಈ ವೇಗದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ಬೆರಗುಗೊಳಿಸಿದ್ದು ಬೇರೆ.

ಪುಕ್ಕಟೆ ಪೊರೆ ತೆಗೆಯುತ್ತೇವೆಂದರೆ ಜನ ಓಡಿ ಬರಬೇಕಲ್ಲವೇ? ಬರಲಿಲ್ಲ. ಮೊದಮೊದಲ ವರ್ಷಗಳಲ್ಲಿ ಶಿಬಿರಗಳಲ್ಲಿ ಆಪರೇಷನ್ ಬೇಕೆಂದು ಬರೆಸಿಕೊಂಡವರ ಪೈಕಿ ಎಷ್ಟೋ ಜನ ಆಸ್ಪತ್ರೆಯ ಕಡೆ ತಲೆ ಹಾಕಲೇ ಇಲ್ಲ. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಬಾರದವರ ಮನೆಬಾಗಿಲಿಗೆ ಹೋಗಿ ಕೂತು ಕಾರಣ ಕೇಳಿದರು. ಸಿಕ್ಕ ಉತ್ತರಗಳು ಎಷ್ಟು ಸರಳ! ಬಸ್ಸಿನ ಚಾರ್ಜಿಗೆ ದುಡ್ಡಿಲ್ಲ. ಅಲ್ಲಿ ಊಟಕ್ಕೇನು ಮಾಡುವುದು? ಜೊತೆಗೆ ಮಗ ಬಂದರೆ ಅವನ ಕೂಲಿ ಹೋಗುತ್ತದೆ. ಕಣ್ಣಿಗೆ ಚಾಕು ಹಾಕಿದರೆ ಇರುವಷ್ಟೂ ಹೋದರೆ? ವಯಸ್ಸಾಯಿತು, ಇನ್ನು ಕಣ್ಣು ಕಂಡು ಆಗಬೇಕಾದದ್ದೇನು? ಆಪರೇಷನ್ ಪುಕ್ಕಟೆಯಾದರೂ ಬಡವನ ಲೆಕ್ಕದಲ್ಲಿ ಅದು ದುಬಾರಿಯೇ ಆಗಿತ್ತು.

ಎಂಬತ್ತರ ದಶಕದಲ್ಲಿ ಸಂಶೋಧಕರು ಇದನ್ನು ಇನ್ನೂ ಆಳಕ್ಕೆ ಒಯ್ದರು. ಒಂದೊಂದು ಗುಂಪಿನ ಹಳ್ಳಿಗಳಲ್ಲಿ ಒಂದೊಂದು ಉಪಾಯ ಹೂಡಿ ಹೋಲಿಸಿದರು. ಒಂದು ಕಡೆ ಆಪರೇಷನ್ ಮಾತ್ರ ಉಚಿತ, ಇನ್ನೊಂದು ಕಡೆ ಪ್ರಯಾಣ, ಊಟವೂ ಸೇರಿ. ಕೆಲವು ಊರುಗಳಲ್ಲಿ, ಆಪರೇಷನ್ ಆಗಿ ಕಣ್ಣು ಬಂದವರೇ ಮನೆಮನೆಗೆ ಹೋಗಿ ತಮ್ಮ ಅನುಭವ ಹೇಳಿದರು. ಪ್ರಯಾಣ, ಊಟದ ಹೊಣೆ ಆಸ್ಪತ್ರೆಯೇ ಹೊತ್ತಲ್ಲಿ ಒಪ್ಪುವವರು ಹೆಚ್ಚಾದರು. ಇಂದು ಮಾನವಕೇಂದ್ರಿತ ವಿನ್ಯಾಸ ಎಂಬ ಹೆಸರಿನಲ್ಲಿ ವಿನ್ಯಾಸ ಶಾಲೆಗಳು ಕಲಿಸುವ ವಿದ್ಯೆಯ ತಿರುಳು ಇದೇ: ಸೇವೆ ಕಟ್ಟುವ ಮೊದಲು ಅದು ಯಾರಿಗಾಗಿಯೋ ಅವರ ಜಗಲಿಯಲ್ಲಿ ಹೋಗಿ ಕೂರು, ಸಣ್ಣದಾಗಿ ಮಾಡಿ ನೋಡು, ತಿದ್ದಿಕೋ.

ಭಾನುವಾರ ಉಸಿಲಂಪಟ್ಟಿ ದಾರಿಯ ಹಳ್ಳಿಯೊಂದರ ಶಾಲೆಯಲ್ಲಿ ಶಿಬಿರವಿತ್ತು. ನಮ್ಮ ಕಡೆ ಕಣ್ಣಿನ ಶಿಬಿರವೆಂದರೆ ಡಾ. ಎಂ. ಸಿ. ಮೋದಿ ನೆನಪಾಗುತ್ತಾರೆ, ಅವರು ಊರೂರಿಗೇ ಹೋಗಿ ಅಲ್ಲೇ ಸಾಲಾಗಿ ಮಲಗಿಸಿ ಪೊರೆ ತೆಗೆದ ಮಹಾನುಭಾವರು. ಇಲ್ಲಿ ಶಿಬಿರದಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲೇ. ಹಾಗಾಗಿ ಗೇಟಿನ ಬಳಿ ಬಸ್ಸು ನಿಂತಿತ್ತು. ಎರಡೂ ಕಣ್ಣಿಗೆ ಪೊರೆ ಕವಿದ ಅಜ್ಜಿಯೊಬ್ಬರು ಹತ್ತಲು ಒಲ್ಲೆ ಎಂದರು. ಆಪ್ತಸಲಹೆಯ ಸಿಸ್ಟರ್ ಅವರ ಪಕ್ಕ ನೆಲದಲ್ಲೇ ಕುಳಿತಳು.

“ಯಾಕೆ ಪಾಟಿ, ಭಯವಾ?”

“ಭಯ ಏನಿಲ್ಲ ತಾಯಿ. ಊಟ?”

“ನಮ್ಮದೇ. ವಾಪಸ್ಸು ಇಲ್ಲಿಗೇ ತಂದು ಬಿಡುತ್ತೇವೆ. ನಿಮ್ಮೂರಿನವರೇ ಇನ್ನೂ ನಾಲ್ಕು ಜನ ಬರುತ್ತಿದ್ದಾರೆ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಡು ಯಾರು ನೋಡ್ತಾರೆ?” ಎಂದರು.

ಆ ಪ್ರಶ್ನೆ ಹೊರಬರಬೇಕಾದರೆ ಅಷ್ಟು ಹೊತ್ತು ನೆಲದ ಮೇಲೆ ಕೂರಬೇಕಾಯಿತು. ಜೊತೆಗೆ ಬಂದಿದ್ದ ನೆರೆಮನೆಯಾಕೆ ಎರಡು ಆಡುಗಳ ಜವಾಬ್ದಾರಿ ಒಪ್ಪಿಕೊಂಡಳು. ಪಾಟಿ ಬಸ್ಸು ಹತ್ತಿದರು.

ಇನ್ನೊಂದು ಮೂಲೆಯಲ್ಲಿ ಕನ್ನಡಕದ ಮೇಜು. ಹಿಂದೆ ಶಿಬಿರದಲ್ಲಿ ನಂಬರು ಬರೆದ ಚೀಟಿ ಕೊಟ್ಟು ಕಳಿಸುತ್ತಿದ್ದರು. ಪೇಟೆಗೆ ಹೋಗಿ ಕನ್ನಡಕ ಮಾಡಿಸಿಕೊಳ್ಳುವುದೆಂದರೆ ಎರಡು ದಿನದ ಕೂಲಿ ಖೋತಾ, ಹೀಗಾಗಿ ಎಷ್ಟೋ ಚೀಟಿಗಳು ಚೀಟಿಗಳಾಗಿಯೇ ಉಳಿದವು. ಈಗ ಚೌಕಟ್ಟು, ಗಾಜು, ಗಾಜಿನ ಅಂಚು ಸವೆಸುವ ಯಂತ್ರ ಎಲ್ಲವೂ ಶಿಬಿರಕ್ಕೇ ಬರುತ್ತವೆ. ಮಲ್ಲಿಗೆ ಕಟ್ಟಿ ಜೀವನ ಮಾಡುವ ಹೆಂಗಸೊಬ್ಬಳು ಚಾಳೀಸು ಬೇಕೆಂದು ಬಂದಿದ್ದಳು. ಗಾಜು ಯಂತ್ರದಲ್ಲಿ ಕಿರ್ರೆಂದು ಸವೆದು ಚೌಕಟ್ಟಿನೊಳಗೆ ಟಪಕ್ಕನೆ ಕೂತಿತು. ಆಕೆ ಹಾಕಿಕೊಂಡು, ಎದುರಿನ ಅಕ್ಷರದ ಹಲಗೆಯತ್ತ ನೋಡಲೇ ಇಲ್ಲ. ಸೆರಗಿನ ಗಂಟಿನಿಂದ ಬಾಡಿದ ನಾಲ್ಕು ಮೊಗ್ಗು ತೆಗೆದು ತೊಟ್ಟುಗಳನ್ನು ಒಂದೊಂದಾಗಿ ನೋಡಿದಳು. “ಸರಿಯಾಗಿದೆ” ಎಂದಳು. ಪರೀಕ್ಷೆ ಹೇಗಿರಬೇಕೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು?

ಇದೇ ವಿನ್ಯಾಸ ವಿದ್ಯೆಯ ಬಗ್ಗೆ ಟಿಮ್ ಬ್ರೌನ್ ಮತ್ತು ಜೋಸೆಲಿನ್ ವ್ಯಾಟ್ ಎಂಬವರು 2010ರಲ್ಲಿ ಬರೆದ ಲೇಖನವೊಂದರಲ್ಲೂ ಇಂಥದೇ ಪ್ರಸಂಗವಿದೆ. ವಿಷನ್‌ಸ್ಪ್ರಿಂಗ್ ಎಂಬ ಸಂಸ್ಥೆಗಾಗಿ ವಿನ್ಯಾಸಕಾರರು ಭಾರತದ ಮಕ್ಕಳ ಕಣ್ಣು ಪರೀಕ್ಷಿಸಲು ಹೊರಟಾಗ ಮೊದಲ ಹುಡುಗಿಯೇ ಅತ್ತುಬಿಟ್ಟಳು. ಟೀಚರ್ ಪರೀಕ್ಷಿಸಲು ಹೋದರೂ ಅಳು. ಕೊನೆಗೆ ಹುಡುಗಿಯ ಕೈಗೇ ಕೆಲಸ ಕೊಟ್ಟು, ‘ನೀನು ಟೀಚರ್ ಕಣ್ಣು ಪರೀಕ್ಷಿಸು’ ಎಂದರು. ಅವಳು ಅದನ್ನು ಗಂಭೀರವಾಗಿ ನಡೆಸಿಕೊಟ್ಟಳು, ಮಿಕ್ಕ ಮಕ್ಕಳು ಆಸೆಗಣ್ಣಿನಿಂದ ನೋಡುತ್ತ ನಿಂತರು.

ಇಷ್ಟಾದರೂ ಅರವಿಂದದವರು ಕೇಳುವುದನ್ನು ನಿಲ್ಲಿಸಲಿಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಣ್ಣಿನ ತೊಂದರೆ ಇದ್ದ ಹಳ್ಳಿಗರಲ್ಲಿ ಶಿಬಿರಕ್ಕೆ ಬರುತ್ತಿದ್ದವರು ನೂರಕ್ಕೆ ಸುಮಾರು ಏಳು ಜನ ಮಾತ್ರ ಎಂದು ತೋರಿಸಿತು. ಶಿಬಿರಗಳಿಗೇ ಹೆಸರಾದ ಸಂಸ್ಥೆ ಈ ಲೆಕ್ಕವನ್ನು ಕಣ್ಣೆದುರಿಗಿಟ್ಟುಕೊಂಡು ಹೊಸದೊಂದನ್ನು ಕಟ್ಟಲು ಹೊರಟಿತಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ. 2004ರ ಸುಮಾರಿಗೆ ಸಣ್ಣ ಪೇಟೆಗಳಲ್ಲಿ ದೃಷ್ಟಿ ಕೇಂದ್ರಗಳು ಶುರುವಾದವು. ತೇನಿ ಸೀಮೆಯ ಕೇಂದ್ರಗಳನ್ನು ಅಲ್ಲಿನ ಆಸ್ಪತ್ರೆಗೆ ಜೋಡಿಸಲು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ದೂರದೂರಕ್ಕೆ ತಲುಪುವ ವೈಫೈ ಕಟ್ಟಿಕೊಟ್ಟರು. ಹಳ್ಳಿಗಾಡಿನ ಕರೆಂಟಿನ ಏರಿಳಿತಕ್ಕೆ ಯಂತ್ರಗಳು ಸುಟ್ಟುಹೋಗುವುದನ್ನು ಕಂಡು, ಅದಕ್ಕೂ ಪರಿಹಾರ ಹುಡುಕಬೇಕಾಯಿತು.

ಆಂಡಿಪಟ್ಟಿ ದಾಟಿ ತೇನಿ ಕಡೆ ಇಳಿದೆ. ಪಶ್ಚಿಮಘಟ್ಟ ಎದ್ದು ನಿಂತಿರುವ, ದ್ರಾಕ್ಷಿ ತೋಟಗಳ ಸೀಮೆ. ಕೇಂದ್ರವೆಂದರೆ ಅಂಗಡಿ ಸಾಲಿನಲ್ಲಿ ಸಣ್ಣ ಜಾಗ, ಇಬ್ಬರು ಹೆಣ್ಣುಮಕ್ಕಳು, ಒಂದು ಕಂಪ್ಯೂಟರು. ದ್ರಾಕ್ಷಿ ಬಳ್ಳಿ ಸವರುವಾಗ ಕಡ್ಡಿ ತಗುಲಿ ಕಣ್ಣು ಕೆಂಪಾಗಿದ್ದ ಹುಡುಗನೊಬ್ಬ ಬಂದಿದ್ದ. ಇಂಥ ಗಾಯ ಬಿಟ್ಟರೆ ಹುಣ್ಣಾಗಿ ಕಣ್ಣೇ ಹೋಗಬಹುದು. ಅದು ಮುಂದಿನ ಶಿಬಿರದ ತಾರೀಖಿಗೆ ಕಾಯುವುದಿಲ್ಲ. ಸಿಸ್ಟರ್ ಅವನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಕರಿಗುಡ್ಡೆಯ ಫೋಟೋ ತೆಗೆದು ಕಳಿಸಿದಳು. ಪರದೆಯ ಮೇಲೆ ವೈದ್ಯೆ ಬಂದರು. ಕಡ್ಡಿ ಯಾವುದು, ಯಾವಾಗ ತಗುಲಿತು, ಮನೆಯಲ್ಲಿ ಕಣ್ಣಿಗೆ ಏನಾದರೂ ಹಿಂಡಿದರಾ ಎಂದು ಒಂದೊಂದಾಗಿ ಕೇಳಿ ಹನಿ ಬರೆದರು.

“ಇನ್ನೆರಡು ದಿನ ಬಿಟ್ಟು ಮತ್ತೆ ತೋರಿಸಬೇಕು.”

“ತೇನಿಗಾ?” ಹುಡುಗನ ಮುಖ ಸಣ್ಣದಾಯಿತು.

“ಇಲ್ಲಿಗೇ ಬಾಪ್ಪಾ.”

ಅವನು ಪರದೆಗೆ ಕೈಮುಗಿದು ಹೊರಟ. ಜನ ಕಡಿಮೆಯಾದ ಮೇಲೆ, ಹೀಗೆ ಮತ್ತೆ ಬನ್ನಿ ಎಂದವರೆಲ್ಲ ಬರುತ್ತಾರಾ ಎಂದು ಸಿಸ್ಟರನ್ನು ಕೇಳಿದೆ. ಎಲ್ಲರೂ ಬರುವುದಿಲ್ಲ ಎಂದಳು. ರಿಜಿಸ್ಟರಿನಲ್ಲಿ ಹಿಂದಿನ ದಿನದ ಪುಟ ತೆಗೆದು, ಗೆರೆ ಎಳೆದಿದ್ದ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಫೋನ್ ಒತ್ತಿದಳು.

“ಹಲೋ ಅಣ್ಣಾ, ಕಣ್ಣಾಸ್ಪತ್ರೆಯಿಂದ. ನಿನ್ನೆ ಬರಬೇಕಿತ್ತಲ್ಲ, ಯಾಕೆ ಬರಲಿಲ್ಲ, ಏನು ತೊಂದರೆಯಾಯಿತು?”