ಅಂಕೋಲಾ ಸಂತೆಯಲ್ಲಿ ಹಳೆ ಬಟ್ಟೆಯ ಬೆಲೆ

ಕಳೆದ ಮೇ ತಿಂಗಳಲ್ಲಿ ಲಂಡನ್‌ನಿಂದ ಬಂದಿದ್ದ ನಾದಿನಿಯ ಮಗಳ ಕೈಯಲ್ಲಿ ಒಂದು ಚಂದದ ಚರ್ಮದ ಚೀಲವಿತ್ತು. ನಮ್ಮ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಐದಾರು ಸಾವಿರವಾದರೂ ಆಗಿರಬೇಕು” ಎಂದರು.

“ಇಲ್ಲ ನಾನಿ, ಮೂರೇ ಪೌಂಡು. ಸೆಕೆಂಡ್ ಹ್ಯಾಂಡ್. ಚಾರಿಟಿ ಶಾಪಿನಲ್ಲಿ ತಗೊಂಡೆ.”

ಅತ್ತೆ ಚೀಲವನ್ನು ಮೆಲ್ಲನೆ ಕೆಳಗಿಟ್ಟರು. “ಯಾರೋ ಬಿಟ್ಟದ್ದನ್ನು ನಮ್ಮ ಹುಡುಗಿ ಹಿಡಿದು ತಿರುಗುವುದೇ?” ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು.

ಹುಡುಗಿ ನಗುತ್ತಾ ವಿವರಿಸಿದಳು. ಅಲ್ಲಿನ ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಇಂಥ ಅಂಗಡಿಗಳಿಗೆ ಉಚಿತವಾಗಿ ಕೊಡುತ್ತಾರೆ. ಅಂಗಡಿಯ ಸ್ವಯಂಸೇವಕರು ಅವನ್ನು ವಿಂಗಡಿಸಿ, ಒಳ್ಳೆಯದಕ್ಕೆ ಮಾತ್ರ ಬೆಲೆಚೀಟಿ ಅಂಟಿಸುತ್ತಾರೆ. ಹರಿದದ್ದು ಚಿಂದಿಯ ಲೆಕ್ಕಕ್ಕೆ ಹೋಗುತ್ತದೆ. ಮಾರಾಟದಿಂದ ಉಳಿದ ಹಣ ಬಡವರ ಕೆಲಸಕ್ಕೆ. 1942ರಲ್ಲಿ ಆಕ್ಸ್‌ಫರ್ಡ್ ನಗರದಲ್ಲಿ ಹುಟ್ಟಿದ ಆಕ್ಸ್‌ಫಾಮ್ ಸಂಸ್ಥೆ ಅದೇ ದಶಕದ ಕೊನೆಯಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಇಂಥ ಅಂಗಡಿ ತೆರೆಯಿತು. ಈಗ ಇಸ್ಲಾಮಿಕ್ ರಿಲೀಫ್‌ನಂಥ ಮುಸ್ಲಿಮ್ ಸಂಸ್ಥೆಗಳೂ ಬ್ರಿಟನ್ನಿನಲ್ಲಿ ಇಂಥ ಅಂಗಡಿ ನಡೆಸುತ್ತವೆ.

“ಮಾಮಿ, ನಮ್ಮ ಕಾರವಾರದಲ್ಲಿ ಇಂಥ ಅಂಗಡಿ ಇಲ್ವಾ?” ಎಂದು ಕೇಳಿದಳು.

ನಾನು ಅಂಕೋಲಾದವಳು. ಕಾರವಾರಕ್ಕೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಅಂಥ ಬೋರ್ಡು ಹಾಕಿದ ಅಂಗಡಿಯನ್ನು ಎರಡೂ ಊರಲ್ಲಿ ನೋಡಿಲ್ಲ. ಆದರೆ ಹಳೆಯ ವಸ್ತುಗಳು ಕೈ ಬದಲಾಯಿಸುವುದು ಇಲ್ಲೇನು ಕಡಿಮೆಯೇ? “ಬಾ, ತೋರಿಸುತ್ತೇನೆ” ಎಂದೆ.

ಮೊದಲು ಕಾರವಾರದ ಭಾನುವಾರದ ಸಂತೆ. ಘಟ್ಟದ ಮೇಲಿನ ತರಕಾರಿ, ಒಣಮೀನಿನ ವಾಸನೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಅದೇ ಗದ್ದಲದ ಅಂಚಿನಲ್ಲಿ ಗೋಣಿ ಹಾಸಿ ಕುಳಿತವನ ಬಳಿ ಹಳೆಯ ಬೀಗ, ಸ್ಟವ್, ಹಿತ್ತಾಳೆಯ ಬೋಗುಣಿ. ಬೋಗುಣಿ ನಮ್ಮಿಬ್ಬರಿಗೂ ಇಷ್ಟವಾಯಿತು. ಅದನ್ನು ಬೆಳಕಿಗೆ ಹಿಡಿದು ತೂತು ಇದೆಯೇ ನೋಡಿದೆ. ಬೆರಳಿನಿಂದ ಬಡಿದೆ. ಕಲಾಯಿ ಹೋಗಿತ್ತು. ಹಿತ್ತಾಳೆಗೆ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಬೇಯಿಸಬಾರದು. ಆ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಬೇಕು.

ಇಲ್ಲಿ ಇನ್ನೊಂದು ದಾರಿಯೂ ಇದೆ. ಅರಗಾದಲ್ಲಿ 2005ರಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಆರಂಭವಾಯಿತು. ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರವಿದೆ. ವರ್ಗಾವಣೆ ಬಂದ ಕುಟುಂಬಗಳು ಮಂಚ, ಕಪಾಟು, ಮಕ್ಕಳ ಸೈಕಲ್‌ಗಳನ್ನು ದೂರದೂರಿಗೆ ಹೊತ್ತೊಯ್ಯುವ ಬದಲು ಇಲ್ಲೇ ಮಾರುತ್ತವೆ. ನಮ್ಮ ಮನೆಯ ಹೊಲಿಗೆ ಯಂತ್ರ ಬಂದದ್ದು ಹಾಗೆಯೇ. ಆದರೆ ಒಂದು ಮಾತು: ಗ್ಯಾಸ್ ಪೈಪು, ರೆಗ್ಯುಲೇಟರ್, ಹೆಲ್ಮೆಟ್‌ಗಳನ್ನು ಮಾತ್ರ ಎಷ್ಟೇ ಅಗ್ಗವಾದರೂ ಹಳೆಯದು ಕೊಳ್ಳಬೇಡಿ. ಅವುಗಳ ದೋಷ ಕಣ್ಣಿಗೆ ಕಾಣುವುದಿಲ್ಲ.

ಮುಂದಿನ ವಾರ ತವರಿಗೆ ಹೊರಟೆವು. ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ದಾಟಿ ಅಂಕೋಲಾ ಸೇರಲು ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಸಂತೆಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ಸೊಪ್ಪು, ತರಕಾರಿ ಹರಡಿ ಕುಳಿತಿದ್ದರು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮೂರಿನ ಕರಿ ಇಶಾಡು ಮಾವಿನ ಕಾಲವದು. ಹಣ್ಣು ಕೊಂಡು ತಿರುಗುವಾಗ ತಾಡಪಾಲಿನ ಮೇಲೆ ಹಳೆ ಬಟ್ಟೆಗಳ ರಾಶಿ ಕಂಡಿತು. ಮನೆಮನೆಗೆ ಬಂದು ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವವರಿದ್ದಾರಲ್ಲ, ಅಂಥವರ ಗಂಟುಗಳು ಕೊನೆಗೆ ಇಂಥ ರಾಶಿಗಳಲ್ಲೇ ಬಿಚ್ಚಿಕೊಳ್ಳುತ್ತವೆ.

ಅಲ್ಲಿ ವಯಸ್ಸಾದ ಒಬ್ಬ ಹೆಂಗಸು ಒಂದು ಫ್ರಾಕನ್ನು ಪರೀಕ್ಷಿಸುತ್ತಿದ್ದಳು. ಒಳಮಗ್ಗುಲು ತಿರುಗಿಸಿ ಹೊಲಿಗೆ ಎಳೆದು ನೋಡಿದಳು. ಕಂಕುಳ ಹತ್ತಿರದ ಬಟ್ಟೆಯನ್ನು ಬಿಸಿಲಿಗೆ ಹಿಡಿದಳು. ಜಿಪ್ ಮೂರು ಸಲ ಎಳೆದಳು. ಮೂವತ್ತು ಹೇಳಿದ್ದನ್ನು ಇಪ್ಪತ್ತಕ್ಕೆ ಇಳಿಸಿ, ಸೆರಗಿನ ಗಂಟಿನಿಂದ ಹಣ ತೆಗೆದು ಕೊಟ್ಟಳು. “ಚೆನ್ನಾಗಿ ಆರಿಸ್ತೀರಿ” ಎಂದು ನಾನೇ ಮಾತಿಗೆಳೆದೆ. ಮೊಮ್ಮಗಳಿಗಂತೆ. ಗಂಗಾವಳಿ ದಂಡೆಯ ಊರಿನವಳು.

“2019ರ ನೆರೆಗೆ ಮನೆ ಹೋಯ್ತು ಅಕ್ಕಾ. ಉಟ್ಟ ಸೀರೇಲಿ ದೋಣಿ ಹತ್ತಿದ್ದೆ. ಶಾಲೇಲಿ ಇಟ್ಟಿದ್ರು. ಲಾರೀಲಿ ಬಟ್ಟೆ ಬಂತು. ನನ್ನ ಪಾಲಿನ ಗಂಟಲ್ಲಿ ಗುಂಡಿ ಇಲ್ಲದ ಶರ್ಟು, ಹರಿದ ಲಂಗ, ಒಂದೇ ಕಾಲಿನ ಚಪ್ಪಲಿ. ಮನೆ ಹೋದಾಗ ಅಳು ಬರ್ಲಿಲ್ಲ, ಆ ಗಂಟು ಬಿಚ್ಚಿದಾಗ ಬಂತು. ಇಲ್ಲಾದ್ರೆ ಇಪ್ಪತ್ತು ರೂಪಾಯಿ ಕೊಡ್ತೆ, ಬೇಕಾದ್ದು ನಾನೇ ಆರಿಸ್ತೆ.”

ನನಗೆ ತಲೆ ಎತ್ತಲಾಗಲಿಲ್ಲ. 2019ರ ಆಗಸ್ಟ್ ತಿಂಗಳು ಚೆನ್ನಾಗಿ ನೆನಪಿದೆ. ಕದ್ರಾ ಜಲಾಶಯದಿಂದ ಬಿಟ್ಟ ನೀರಿಗೆ ಕಾಳಿ ದಂಡೆಯ ಊರುಗಳು, ಇತ್ತ ಗಂಗಾವಳಿ ಉಕ್ಕಿ ಅಂಕೋಲಾದ ಹಳ್ಳಿಗಳು ಮುಳುಗಿದ್ದವು. ನಮ್ಮ ಬೀದಿಯಲ್ಲಿ ಬಟ್ಟೆ ಸಂಗ್ರಹಿಸುವ ಜೀಪು ಬಂದಾಗ ನಾನು ಕಪಾಟಿನ ತಳವನ್ನೆಲ್ಲ ಬಳಿದು ಹಾಕಿದ್ದೆ. ಕೊಂಡಿ ಇಲ್ಲದ ಕುಪ್ಪಸ, ಬಣ್ಣ ಹೋದ ನೈಟಿ, ಎಲಾಸ್ಟಿಕ್ ಸಡಿಲವಾದ ಮಕ್ಕಳ ಚಡ್ಡಿ. ಕಪಾಟೂ ಖಾಲಿಯಾಯಿತು, ಸವಾಬೂ ಸಿಕ್ಕಿತು ಎಂದು ಸಮಾಧಾನಪಟ್ಟಿದ್ದೆ! ಆ ಗಂಟು ಯಾವ ಊರಿಗೆ ಹೋಯಿತೋ, ಯಾರ ಕೈಗೆ ಬಂತೋ? ಅಲ್ ಬಕರಾ ಅಧ್ಯಾಯದ 267ನೇ ಸೂಕ್ತವು ಕೀಳು ವಸ್ತುವನ್ನೇ ಆರಿಸಿ ದಾನ ಕೊಡುವುದನ್ನು ತಡೆಯುತ್ತದೆ. ಅದನ್ನು ಎಷ್ಟು ಸಲ ಓದಿದ್ದೆ! ಕಪಾಟಿನ ಮುಂದೆ ನಿಂತಾಗ ಮಾತ್ರ ನೆನಪಾಗಲಿಲ್ಲ.

ಇದು ನನ್ನೊಬ್ಬಳ ತಪ್ಪಲ್ಲ ಎಂಬುದು ಸಮಾಧಾನವೂ ಅಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನದ ಬಟ್ಟೆ ಯಾರಿಗೂ ಬೇಡವಾಗಿ ರಾಶಿ ಬಿದ್ದಿತ್ತು. 1999ರಲ್ಲಿ ಅಂಶು ಗುಪ್ತಾ ಸ್ಥಾಪಿಸಿದ ಗೂಂಜ್ ಸಂಸ್ಥೆ ಅದನ್ನು ವಿಂಗಡಿಸುವ ಕೆಲಸಕ್ಕೆ ಇಳಿಯಿತು. ಬಟ್ಟೆಯನ್ನು ಭಿಕ್ಷೆಯಾಗಿ ಹಂಚದೆ, ಊರಿನವರು ತಮ್ಮೂರಿನ ಬಾವಿ, ರಸ್ತೆಗಳ ಕೆಲಸ ಮಾಡಿ ಅದನ್ನು ಗಳಿಸುವಂತೆ ಆ ಸಂಸ್ಥೆ ವ್ಯವಸ್ಥೆ ಮಾಡಿದೆ. ಗುಪ್ತಾರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಲಂಡನ್ನಿನ ಅಂಗಡಿಯಾಗಲಿ, ಗೂಂಜ್ ಆಗಲಿ, ಅಂಕೋಲಾ ಸಂತೆಯ ತಾಡಪಾಲಾಗಲಿ, ಸಂಗತಿ ಒಂದೇ. ಆರಿಸಿಕೊಳ್ಳುವ ಹಕ್ಕಿದ್ದರೆ ಹಳೆಯದು ಅವಮಾನವಲ್ಲ.

ಹಾಗಾದರೆ ನಿಜವಾಗಿ ಹರಿದದ್ದನ್ನು ಏನು ಮಾಡುವುದು? ನಮ್ಮ ಜಿಲ್ಲೆಯ ಸಿದ್ದಿ ಮಹಿಳೆಯರನ್ನು ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಈ ಸಹೋದರಿಯರು ಹಳೆ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ‘ಫುಲಾ’ ಎಂಬ ಬಟ್ಟೆಯ ಹೂವು ಇಡದೆ ಅದು ಮುಗಿಯುವುದಿಲ್ಲ. ಹರಿದದ್ದು ಅವರ ಕೈಯಲ್ಲಿ ಹೀಗೆ ಹೊದಿಕೆಯಾಗುತ್ತದೆ. ನಾವು ಅದನ್ನೇ ದಾನ ಎನ್ನುತ್ತೇವೆ!

2023ರ ಮೇ-ಜೂನ್‌ನಲ್ಲಿ ಕೇಂದ್ರ ಸರ್ಕಾರ ನಗರಗಳಲ್ಲಿ ಆರ್‌ಆರ್‌ಆರ್ ಕೇಂದ್ರಗಳ ಅಭಿಯಾನ ನಡೆಸಿತು. ಹಳೆ ಬಟ್ಟೆ, ಪುಸ್ತಕ, ಆಟಿಕೆಗಳನ್ನು ಅಲ್ಲಿಗೆ ಒಪ್ಪಿಸಬಹುದಿತ್ತು. ಒಳ್ಳೆಯ ಯೋಚನೆ. ಆದರೆ ಯಾವ ಕೇಂದ್ರ ತೆರೆದರೂ ಮನೆಯಿಂದ ಹೊರಡುವ ಚೀಲದಲ್ಲಿ ಏನಿದೆ ಎಂಬುದನ್ನು ನಾವೇ ನೋಡಬೇಕಲ್ಲ?

ಅಂಕೋಲಾದಿಂದ ಮರಳಿದ ಮೇಲೆ ಹುಡುಗಿಯೇ ನಮ್ಮನ್ನು ಎಬ್ಬಿಸಿದಳು. ಶಾಲೆ ಶುರುವಾಗುವ ಮೊದಲು ನಮ್ಮ ಓಣಿಯ ಆರು ಮನೆಯವರು ಸೇರಿ, ಮಕ್ಕಳಿಗೆ ಗಿಡ್ಡವಾದ ಸಮವಸ್ತ್ರ, ರೇನ್‌ಕೋಟ್, ಶಾಲಾ ಚೀಲಗಳನ್ನು ಒಟ್ಟು ಮಾಡಿದೆವು. ಒಗೆದು, ಬಿಸಿಲಿಗೆ ಒಣಗಿಸಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡಿದೆವು. ನಮ್ಮ ಮಕ್ಕಳಿಗೆ ತೊಡಿಸಲು ನಮಗೇ ಮನಸ್ಸಾಗದ್ದನ್ನು ಒರೆಸುವ ಬಟ್ಟೆ ಮಾಡಿದೆವು. ಉಳಿದದ್ದಕ್ಕೆ ಹತ್ತರಿಂದ ಐವತ್ತು ರೂಪಾಯಿಯವರೆಗೆ ಚೀಟಿ ಅಂಟಿಸಿ ಜಗಲಿಯಲ್ಲಿ ಸಾಲಾಗಿ ತೂಗುಹಾಕಿದೆವು.

ಯಾರು ಬರುತ್ತಾರೋ ಎಂದುಕೊಂಡಿದ್ದೆವು. ಮಧ್ಯಾಹ್ನದೊಳಗೆ ಒಂದೇ ಒಂದು ಚೀಲ ಉಳಿಯಿತು. ಪಕ್ಕದ ಮನೆಗಳ ಕೆಲಸಕ್ಕೆ ಬರುವ ತಾಯಿ ಮಗಳಿಗೆ ರೇನ್‌ಕೋಟ್ ತೊಡಿಸಿ ನೋಡಿ, “ತೋಳು ಉದ್ದ ಆಯ್ತು, ಐದು ರೂಪಾಯಿ ಬಿಡಿ” ಎಂದು ಚೌಕಾಸಿ ಮಾಡಿದಳು. ಮೊದಲಾಗಿದ್ದರೆ ನಾನೇ ಸುಮ್ಮನೆ ಕೊಟ್ಟು ದೊಡ್ಡವಳಾಗುತ್ತಿದ್ದೆ. ಅಂದು ಐದು ರೂಪಾಯಿ ಬಿಟ್ಟು ಉಳಿದ ಹಣ ಎಣಿಸಿ ತೆಗೆದುಕೊಂಡೆ.

ಬಂದ ಹಣದಲ್ಲಿ ನೋಟ್‌ಬುಕ್ ತಂದು ಹಂಚಿದೆವು. ಈ ಸಲ ಎಲ್ಲವೂ ಹೊಸದು. ಅತ್ತೆ ಏನೂ ಮಾತಾಡಲಿಲ್ಲ. ಸಂಜೆ ನೋಡಿದರೆ, ಮಾರಾಟವಾಗದೆ ಉಳಿದ ಆ ಚೀಲದ ಮೇಲಿನ ಹತ್ತು ರೂಪಾಯಿ ಚೀಟಿ ಮಾಯವಾಗಿತ್ತು. ಹಣ ಡಬ್ಬಿಯಲ್ಲಿತ್ತು, ಅವರ ತಸ್ಬೀಹ್ ಆ ಚೀಲದಲ್ಲಿತ್ತು.