ಹಳೆಯ ಮನೆಯ ವ್ಯಾಪಾರ

ಮೂವತ್ತೆರಡು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, 2022ನೆಯ ಇಸವಿಯ ಮೇ ತಿಂಗಳಲ್ಲಿ ನಾನು ಕೆಲಸದಿಂದ ನಿವೃತ್ತನಾದೆನು. ಆಗ ಕೈಗೆ ಬಂದಷ್ಟು ಹಣವನ್ನು ಒಟ್ಟಿಗೆ ಜನ್ಮದಲ್ಲಿ ಕಂಡವನಲ್ಲವಾದ ಕಾರಣ, ನನಗೆ ಹರ್ಷಕ್ಕಿಂತಲೂ ಭಯವೇ ಹೆಚ್ಚಾಯಿತು. ಹೀಗಿರಲು ನನ್ನ ಸೋದರಳಿಯನು ಒಂದು ದಿನ ಬಂದು, “ಮಾವ, ಹಳೆಯ ಮನೆಯೊಂದನ್ನು ಕೊಳ್ಳೋಣ, ರಿಪೇರಿ ಮಾಡಿಸೋಣ, ವರ್ಷದೊಳಗಾಗಿ ಮಾರಿಬಿಡೋಣ. ಲಾಭದಲ್ಲಿ ಸಮಪಾಲು” ಎಂದನು. ಅವನು ಅದಕ್ಕೆ ಮೊದಲೇ ಈ ಕೆಲಸವನ್ನು ಎರಡು ಸಲ ಮಾಡಿ ಗೆದ್ದಿದ್ದನು. ನನಗಾದರೋ ಜೀರ್ಣೋದ್ಧಾರವೆಂಬ ಪದವು ನೆನಪಿಗೆ ಬಂದಿತು. ಹೊಸ ಗುಡಿಯನ್ನು ಕಟ್ಟಿಸಿದವನಿಗಿಂತ ಪಾಳುಬಿದ್ದುದನ್ನು ಎತ್ತಿ ನಿಲ್ಲಿಸಿದವನಿಗೆ ಪುಣ್ಯವು ಹೆಚ್ಚೆಂದು ಹಿರಿಯರು ಹೇಳುವುದುಂಟಷ್ಟೆ. ಪುಣ್ಯವೂ ಲಾಭವೂ ಒಂದೇ ಗಂಟಿನಲ್ಲಿ ಬರುವುದಾದರೆ ಯಾರು ತಾನೆ ಬೇಡವೆಂದಾರು?

2023ರ ಫೆಬ್ರವರಿಯಲ್ಲಿ ಮೈಸೂರಿನ ಅಗ್ರಹಾರದ ಕಡೆಯ ಒಂದು ಸಂದಿನಲ್ಲಿ ನಮಗೆ ತಕ್ಕ ಮನೆಯು ದೊರೆಯಿತು. ಇಟ್ಟಿಗೆಯನ್ನು ಮಣ್ಣಿನಲ್ಲಿ ಕೂರಿಸಿ ಸುಣ್ಣದ ಗಾರೆ ಬಳಿದ ದಪ್ಪ ಗೋಡೆಗಳು, ಮಂಗಳೂರು ಹೆಂಚಿನ ಮಾಡು, ಕೆಂಪು ಕಾವಿಯ ನೆಲ, ಹಿತ್ತಿಲಲ್ಲಿ ಬತ್ತಿದ ಬಾವಿ. ಯಜಮಾನರು ಕಾಲವಾದ ಮೇಲೆ ಆರು ವರ್ಷ ಬಾಗಿಲು ಹಾಕಿತ್ತಂತೆ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಐವರೂ ಐದು ಊರಿನಲ್ಲಿ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟೆಂದು 2005ರ ತಿದ್ದುಪಡಿಯು ವಿಧಿಸಿರುವುದರಿಂದ ಐವರ ರುಜುವೂ ಬೇಕಾಯಿತು. ಅಣ್ಣನೊಬ್ಬನೇ ಮಾರುತ್ತೇನೆಂದು ಬಂದರೆ ಕೊಳ್ಳುವವರು ವಂಶವೃಕ್ಷವನ್ನು ಕೇಳಿ ನೋಡತಕ್ಕದ್ದು. ಖಾತೆ, ಕಂದಾಯದ ರಶೀದಿ, ಋಣಭಾರ ಪ್ರಮಾಣಪತ್ರ ಇವುಗಳ ಮಾತು ಆಮೇಲಿನದು.

ಕ್ರಯಪತ್ರವಾದ ದಿನ ಹಿರಿಯ ಮಗಳು ಬೀಗದ ಕೈಯನ್ನು ತಾವೇ ಕೊಡುತ್ತೇನೆಂದು ನಮ್ಮೊಡನೆ ಮನೆಗೆ ಬಂದರು. ಎಪ್ಪತ್ತರ ಸಮೀಪದ ಹೆಂಗಸು. ಕೋಣೆಕೋಣೆಯನ್ನೂ ಸುತ್ತಿ, ನಡುಮನೆಯ ಪಶ್ಚಿಮದ ಗೋಡೆಯ ಬಳಿ ನಿಂತು, “ಬೀದಿ ಏರುತ್ತ ಬಂದು ನಮ್ಮ ಮನೆ ತಗ್ಗಾಯಿತು. ಮಳೆ ಬಂದರೆ ಈ ಗೋಡೆ ನೀರು ಕುಡಿಯುತ್ತದೆ. ನಮ್ಮ ತಂದೆಯವರು ಯುಗಾದಿಗೆ ಯುಗಾದಿಗೆ ಸುಣ್ಣ ಬಳಿಯುತ್ತಿದ್ದರು. ಬೇರೆ ಏನನ್ನೂ ಹಚ್ಚಬೇಡಿ” ಎಂದರು. ಮಾರಾಟವು ಮುಗಿದು ಹಣವು ಕೈಸೇರಿದ ಮೇಲೆ ಅವರಿಗೆ ಈ ಮಾತನ್ನು ಆಡುವ ಅಗತ್ಯವಿರಲಿಲ್ಲ. ಆಗಲೆಂದು ತಲೆಯಾಡಿಸಿದೆನು.

ರಿಪೇರಿಯ ಮೂರು ತಿಂಗಳು ನನ್ನ ಜೀವನದಲ್ಲಿ ಅತ್ಯಂತ ಸಂತೋಷದ ದಿನಗಳಲ್ಲಿ ಸೇರಿದುವೆಂದು ಹೇಳಲು ನನಗೆ ನಾಚಿಕೆಯಿಲ್ಲ. ಪಾಠ ಹೇಳಿದ ಫಲವು ಕಣ್ಣಿಗೆ ಕಾಣುವುದಕ್ಕೆ ಇಪ್ಪತ್ತು ವರ್ಷ ಬೇಕು. ಹೆಂಚು ತಿರುಗಿಸಿದ ಫಲವು ಸಾಯಂಕಾಲಕ್ಕೇ ಕಾಣುತ್ತದೆ. ತೊಲೆಗಳನ್ನು ಬೆರಳಗಂಟಿನಿಂದ ತಟ್ಟಿ ಪರೀಕ್ಷಿಸುವುದನ್ನು ಒಬ್ಬ ಮುದಿ ಬಡಗಿಯು ನನಗೆ ಕಲಿಸಿದನು. ಗಟ್ಟಿ ಮರವು ಕಂಚಿನಂತೆ ನುಡಿಯುತ್ತದೆ. ಗೆದ್ದಲು ತಿಂದುದು ಒಣಗಿದ ಸೋರೆಬುರುಡೆಯಂತೆ. ಹದಿನಾಲ್ಕರಲ್ಲಿ ಮೂರು ತೊಲೆಗಳು ಸೋರೆಬುರುಡೆಯಾಗಿದ್ದುವು, ಬದಲಾಯಿಸಿದೆವು. ಕಾವಿಯ ನೆಲವನ್ನು ಕಿತ್ತು ಹೊಳೆಯುವ ಬಿಲ್ಲೆಗಳನ್ನು ಹಾಕಬೇಕೆಂದು ಸೋದರಳಿಯನು ಹಟಮಾಡಿದನು. ನಾನು ಬಿಡಲಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಎಂಟು ದಿನ ಉಜ್ಜಿಸಿದ ಮೇಲೆ ಆ ನೆಲದಲ್ಲಿ ಕಿಟಕಿಯ ಸರಳುಗಳು ಕಾಣತೊಡಗಿದುವು. ಆಳುಗಳಿಗೆ ಕಾಫಿ ಒಯ್ಯುವ ನೆಪದಿಂದ ನಾನು ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗುತ್ತಿದ್ದೆನು.

ನೆಲದ ವಿಷಯದಲ್ಲಿ ಗೆದ್ದವನು ಗೋಡೆಯ ವಿಷಯದಲ್ಲಿ ಸೋತೆನು. ಸೋತೆನೆಂಬುದೂ ಸರಿಯಲ್ಲ, ವಾದವನ್ನೇ ಮಾಡಲಿಲ್ಲ. ಪಶ್ಚಿಮದ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಗಾರೆಯು ಉಬ್ಬಿ, ಬಿಳಿಯ ಉಪ್ಪು ಹೂವಿನಂತೆ ಅರಳಿತ್ತು. ಸೋದರಳಿಯನು ಅದನ್ನು ಕೆರೆಸಿ, ಸಿಮೆಂಟಿನ ಗಾರೆ ಬಳಿಸಿ, ಮೇಲೆ ನುಣ್ಣನೆಯ ಬಣ್ಣ ಹೊಡೆಸಿದನು. ಸುಣ್ಣದ ಕೆಲಸ ಬಲ್ಲವರು ಸಿಕ್ಕುವುದಿಲ್ಲ, ಸಿಕ್ಕಿದರೂ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬುದು ಅವನ ಸಮಾಧಾನ. ಅದು ಸುಳ್ಳೂ ಅಲ್ಲ. ಆದರೆ ಸುಣ್ಣದ ಗಾರೆಯು ಉಸಿರಾಡುವ ವಸ್ತು. ಗೋಡೆಯು ನೆಲದಿಂದ ಹೀರಿದ ನೀರನ್ನು ಅದು ಬಿಸಿಲಿನಲ್ಲಿ ಹೊರಕ್ಕೆ ಬಿಟ್ಟುಬಿಡುತ್ತದೆ. ಸಿಮೆಂಟು ಬಾಯಿ ಕಟ್ಟುತ್ತದೆ. ಹೊರಬರಲಾರದ ನೀರು ಮೇಲಕ್ಕೇರುತ್ತದೆ. ಅದರೊಡನೆ ಉಪ್ಪೂ ಏರಿ, ಗಾರೆಯ ಹಿಂದೆ ಹರಳುಗಟ್ಟಿ, ಅದನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಇದಿಷ್ಟನ್ನೂ ನಾನು ಆಗಲೇ ಬಲ್ಲೆನು. ಆ ಮುದಿ ಬಡಗಿಯೇ ಹೇಳಿದ್ದನು.

ಲೆಕ್ಕವನ್ನು ಮುಚ್ಚಿಡುವುದಿಲ್ಲ. ಕ್ರಯ 42 ಲಕ್ಷ. ಮುದ್ರಾಂಕ ಶುಲ್ಕವು ಅದರ ಮೇಲಿನ ಕರಗಳೂ ಸೇರಿ ಅಂದಿನ ದರದಂತೆ ನೂರಕ್ಕೆ 5.6, ನೋಂದಣಿಗೆ ನೂರಕ್ಕೆ 1, ಒಟ್ಟು 2,77,200. (2025ರ ಆಗಸ್ಟ್ ಕೊನೆಯಿಂದ ನೋಂದಣಿಯು ನೂರಕ್ಕೆ 2 ಆಗಿದೆ.) ರಿಪೇರಿಗೆ 6,40,000. ದಲ್ಲಾಳಿಗೆ ಕೊಳ್ಳುವಾಗಲೂ ಮಾರುವಾಗಲೂ ಸೇರಿ ಒಂದು ಲಕ್ಷ. ಮಾರಿದ್ದು 58 ಲಕ್ಷಕ್ಕೆ. ಉಳಿದುದು 5,82,800, ಅದರಲ್ಲಿ ಅರ್ಧ ನನ್ನದು. ಕೊಂಡ ಮನೆಯನ್ನು 24 ತಿಂಗಳೊಳಗಾಗಿ ಮಾರಿದುದರಿಂದ ಲಾಭವು ಆ ವರ್ಷದ ವರಮಾನಕ್ಕೇ ಸೇರಿ ಅದಕ್ಕೂ ತೆರಿಗೆ ಬಿದ್ದಿತು.

ತೆರಿಗೆಯ ವಿಷಯದಲ್ಲಿ ಸೋದರಳಿಯನು ಗೊಣಗಿದಾಗ ನಾನು ಅವನಿಗೆ ಕೌಟಿಲ್ಯನ ಮಾತನ್ನು ಹೇಳಿ ನಕ್ಕೆನು. ಅರ್ಥಶಾಸ್ತ್ರವು ಬೆಳಕು ಕಂಡದ್ದು ಈ ಮೈಸೂರಿನಲ್ಲಿಯೇ, ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಮನೆ ಹೊಲಗಳ ಮಾರಾಟವನ್ನು ಹೇಳುವ ಪ್ರಕರಣವೊಂದಿದೆ. ಕೊಳ್ಳುವವರು ಪೈಪೋಟಿಯಿಂದ ಬೆಲೆಯನ್ನು ಏರಿಸಿದರೆ, ಏರಿದ ಮೊತ್ತವೆಲ್ಲವೂ ಸುಂಕದೊಡನೆ ಅರಸನ ಬೊಕ್ಕಸಕ್ಕೆ ಸೇರತಕ್ಕದ್ದೆಂದು ಅಲ್ಲಿ ವಿಧಿಸಿದೆ. “ನಮ್ಮ ಸರಕಾರ ಅಷ್ಟು ಕಠಿನವಲ್ಲ” ಎಂದೆನು. ಅದೇ ಪುಟದಲ್ಲಿದ್ದ ಮತ್ತೊಂದು ಮಾತು ನನಗೆ ಆ ದಿನ ಹೊಳೆಯಲಿಲ್ಲ.

ಕೊಂಡವನು ನನ್ನ ಹಳೆಯ ಶಿಷ್ಯನು. ಸಣ್ಣ ಸಂಬಳದ ಕೆಲಸ, ತಂದೆಯಿಲ್ಲ, ತಾಯಿಯನ್ನು ಬಾಡಿಗೆಯ ಮನೆಯಿಂದ ಬಿಡಿಸಿ ಸ್ವಂತ ಸೂರಿನ ಕೆಳಗಿಡಬೇಕೆಂಬ ಆಸೆ. ಬ್ಯಾಂಕಿನ ಸಾಲವೂ ತಾಯಿಯ ಒಡವೆಯೂ ಸೇರಿ ಆ 58 ಲಕ್ಷವಾಗಿತ್ತು. 2024ರ ಜನವರಿ, ಮಳೆ ನಿಂತು ತಿಂಗಳುಗಳಾಗಿ ಗೋಡೆಯು ಕನ್ನಡಿಯಂತಿತ್ತು. ಇಂಜಿನಿಯರೊಬ್ಬರಿಗೆ ತೋರಿಸುವೆಯಾ ಎಂದು ನಾನು ಕೇಳಿದುದಕ್ಕೆ ಅವನು, “ನೀವು ನಿಂತು ಮಾಡಿಸಿದ ಮನೆಯೆಂದ ಮೇಲೆ ಇಂಜಿನಿಯರು ಯಾತಕ್ಕೆ, ಮೇಷ್ಟರೆ?” ಎಂದನು. ನಾನು ಆಗ ಹೇಳಬಹುದಾಗಿತ್ತು. ಸೋದರಳಿಯನು ನನ್ನ ಮುಖವನ್ನು ನೋಡಿದನು. ನಾನು ಕಾವಿಯ ನೆಲದ ಹೊಳಪನ್ನು ತೋರಿಸಿದೆನು.

ಅಂದು ರಾತ್ರಿ ನನ್ನ ಮನೆಯವರು ಊಟಕ್ಕೆ ಬಡಿಸುತ್ತ, “ಆ ಹೆಂಗಸು ಹೇಳಿದ್ದನ್ನು ಹುಡುಗನಿಗೆ ಹೇಳಿದಿರಾ?” ಎಂದು ಕೇಳಿದರು. ಬಣ್ಣ ಹೊಡೆದಾಗಿದೆಯೆಂದು ಉತ್ತರ ಕೊಟ್ಟೆನು. ಅವರು ಮತ್ತೆ ಕೇಳಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಶಿಷ್ಯನು ನಮ್ಮ ಮನೆಗೆ ಬಂದನು. ಕೋಪವಿಲ್ಲ, ದೂರಿಲ್ಲ. “ಮೇಷ್ಟರೆ, ಸುಣ್ಣದ ಕೆಲಸ ಬಲ್ಲವರು ಯಾರಾದರೂ ಗೊತ್ತೇ? ಪಕ್ಕದ ಮನೆಯ ಅಜ್ಜಿ ನಮ್ಮ ಗೋಡೆಯನ್ನು ನೋಡಿ, ಇದಕ್ಕೆ ಯಾರು ಸಿಮೆಂಟು ಬಳಿದವರು ಎಂದು ನಗುತ್ತಾರೆ” ಎಂದನು. ಎದೆಯೆತ್ತರಕ್ಕೆ ನೀರೇರಿ, ಬಣ್ಣವು ಸುಲಿದು, ತಾಯಿಯು ಹಾಸಿಗೆಯನ್ನು ಅಡಿಗೆಮನೆಗೆ ಒಯ್ದಿದ್ದರಂತೆ. ಕೌಟಿಲ್ಯನ ಆ ಮತ್ತೊಂದು ಮಾತು ನನಗೆ ಆಗ ನೆನಪಾಯಿತು. ಮಾರುವವನು ಆ ಮನೆಯ ಮುಂದೆಯೇ, ನೆರೆಹೊರೆಯವರ ಸಮಕ್ಷದಲ್ಲಿ, ಇಂತಹುದನ್ನು ಇಷ್ಟಕ್ಕೆ ಕೊಳ್ಳುವವರಾರೆಂದು ಮೂರು ಸಲ ಕೂಗಿ ಹೇಳತಕ್ಕದ್ದು. ಇದು ಮೇರೆಯ ವಿವಾದವಾಗದಿರಲೆಂದು ಮಾಡಿದ ಏರ್ಪಾಡೆಂದು ನಾನು ಬಹುಕಾಲ ತಿಳಿದಿದ್ದೆನು. ನೆರೆಯ ಅಜ್ಜಿಯು ನಿಂತು ಕೇಳುತ್ತಿರುವಾಗ ಯಾವ ಗೋಡೆಯನ್ನು ತಾನೆ ಬಚ್ಚಿಡಬಹುದು? ನಾವು ಮಾರಿದ್ದು ದಲ್ಲಾಳಿಯ ಕೋಣೆಯಲ್ಲಿ. ಇಂದಿನ ಕಾಯಿದೆಯೂ ಈ ಮಾತನ್ನು ಬಿಟ್ಟಿಲ್ಲ. ಮಾರುವವನು ಬಲ್ಲ, ಕೊಳ್ಳುವವನ ಸಾಮಾನ್ಯ ಎಚ್ಚರಿಕೆಗೆ ಕಾಣದ ಮುಖ್ಯವಾದ ಲೋಪವನ್ನು ಹೇಳಲೇಬೇಕೆಂದು 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 55ನೆಯ ಕಲಮಿನಲ್ಲಿದೆ.

“ಆ ಗೋಡೆಯ ವಿಷಯ ನನಗೆ ಮೊದಲೇ ಗೊತ್ತಿತ್ತಪ್ಪ” ಎಂದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿಯನ್ನು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಬರುತ್ತೇನೆಂದು ಹೇಳಿ ಹೋದನು. ಹೋಗುವಾಗ ಪ್ರತಿಸಲದಂತೆ ನಮಸ್ಕಾರ ಮಾಡಲಿಲ್ಲ.

ಮುಂದಿನ ವಾರ ನಾನೇ ಹೋದೆನು. ಬಾಗಿಲು ತೆರೆದ ತಾಯಿಯು, ಮಗನು ಹೇಳಿದ್ದನೋ ಇಲ್ಲವೋ ತಿಳಿಯದು, ಮಣೆ ಹಾಕಿದರು. ಮಳೆಗಾಲ ಮುಗಿದ ಮೇಲೆ ಕೆಲಸ ಹಿಡಿಸಿದೆನು. ಮೊದಲು ಸಂದಿನ ಕಡೆ ಅಗೆದು ನೀರು ಹರಿದುಹೋಗಲು ಕಾಲುವೆ. ಆಮೇಲೆ ಸಿಮೆಂಟನ್ನೆಲ್ಲ ಕೆತ್ತಿಸಿ ಎರಡು ತಿಂಗಳು ಬೆತ್ತಲೆ ಗೋಡೆಯನ್ನು ಒಣಗಲು ಬಿಟ್ಟದ್ದು. ಕೊನೆಗೆ ಗುಂಡಿಯಲ್ಲಿ ಅರಳಿಸಿದ ಸುಣ್ಣಕ್ಕೆ ಮರಳೂ ಬೆಲ್ಲ ಅಳಲೆಕಾಯಿಗಳ ನೀರೂ ಬೆರಸಿದ ಗಾರೆ, ತೆಳ್ಳಗೆ ಮೂರು ಸಲ. ಕೆಲಸದವನನ್ನು ಹುಡುಕಿಕೊಟ್ಟವನು ಅದೇ ಬಡಗಿ. 1,86,000 ರೂಪಾಯಿಗಳಾಯಿತು. ಸೋದರಳಿಯನು ಅದರಲ್ಲಿ ಪಾಲು ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಅವನು ಆಮೇಲೆ ಮತ್ತೆರಡು ಮನೆಗಳನ್ನು ಕೊಂಡು ಮಾರಿದನೆಂದು ತಿಳಿಯಿತು, ನನ್ನನ್ನು ಕರೆಯಲಿಲ್ಲ.

2025ರ ಮಳೆಗಾಲದಲ್ಲಿ ಒಂದು ಸಾಯಂಕಾಲ ಶಿಷ್ಯನು ಫೋನು ಮಾಡಿ ಬಂದು ನೋಡಬೇಕೆಂದನು. ಮೂರು ದಿನ ಬಿಡದೆ ಸುರಿದಿತ್ತು. ನಾನು ಗೋಡೆಗೆ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಸವರುತ್ತ ಬಂದೆನು. ನೆಲದ ಹತ್ತಿರ ಒಂದು ಗೇಣು ಮಾತ್ರ ತಣ್ಣಗಿತ್ತು. “ಅಷ್ಟು ಇದ್ದರೆ ಇರಲಿ, ಬಿಸಿಲಿಗೆ ಆರುತ್ತದೆ” ಎಂದು ತಾಯಿಯು ಹೇಳಿದರು. ಅವರ ಹಾಸಿಗೆಯು ನಡುಮನೆಗೆ ಮರಳಿ ಬಂದಿತ್ತು. ಯುಗಾದಿಗೆ ಬೇಕಾಗುತ್ತದೆಂದು, ಸುಣ್ಣ ಬಳಿಯುವ ಎರಡು ಕುಂಚಗಳನ್ನು ಮಾರನೆಯ ದಿನ ಪೇಟೆಯಿಂದ ತಂದು ಅವರ ಬಾಗಿಲ ಹಿಂದೆ ಇಟ್ಟು ಬಂದೆನು.