ಒಡೆಯದ ದನಿಯ ಪೆಟ್ಟಿಗೆ

ಸಿರುಗುಪ್ಪ ಸೀಮೆಯ ದೇಶನೂರಿನಂಥ ಊರುಗಳಲ್ಲಿ ಬಯಲಾಟವೆಂದರೆ ಮೈಕಾಸುರನೂ ಒಬ್ಬ ಪಾತ್ರಧಾರಿ. ಭೀಮ ಗದೆಯೆತ್ತಿ ಅಬ್ಬರಿಸಿದರೆ ಸದ್ದು ಗದ್ದೆಗಳಾಚೆಗೂ ಕೇಳುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಮೈಕಿನವನನ್ನು ಬೈದು ಪ್ರಯೋಜನವಿಲ್ಲ. ಪ್ರತಿ ಆಂಪ್ಲಿಫೈಯರಿಗೂ ಶಕ್ತಿಯ ಮಿತಿಯೊಂದಿದೆ. ಅದನ್ನು ಮೀರಿ ಗುಂಡಿ ತಿರುಗಿಸಿದರೆ ಧ್ವನಿಯ ಅಲೆಗಳ ನೆತ್ತಿ ಕತ್ತರಿಸಿಹೋಗುತ್ತದೆ. ಹೀಗೆ ಮೊಟಕಾದ ಅಲೆಯೇ ಕಿವಿಗೆ ಕರ್ಕಶವಾಗುವುದು.

ಸೋಜಿಗವೆಂದರೆ, ಅನೇಕ ಗಿಟಾರು ವಾದಕರಿಗೆ ಈ ಒಡಕು ದನಿಯೇ ಪ್ರಿಯ. ಗಾಜಿನ ವಾಲ್ವುಗಳ ಆಂಪ್ಲಿಫೈಯರನ್ನು ಬೇಕೆಂದೇ ದಣಿಸಿ ರಾಕ್ ಸಂಗೀತದವರು ಆ ಗುಡುಗನ್ನು ಪಡೆದರು. ವಾಲ್ವಿನ ದನಿ ಮೆಲ್ಲಮೆಲ್ಲಗೆ ಒಡೆಯುತ್ತದೆ. ಟ್ರಾನ್ಸಿಸ್ಟರಿನದು ಒಮ್ಮೆಲೇ, ಒರಟಾಗಿ. ಹಾಗಾಗಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರೆಂದರೆ ಹಲವರು ಮೂಗು ಮುರಿಯುತ್ತಿದ್ದರು.

ಜಪಾನಿನ ರೋಲ್ಯಾಂಡ್ ಕಂಪನಿ 1975ರಲ್ಲಿ ‘ಜಾಝ್ ಕೋರಸ್ 120’ ತಂದಾಗ ಹಿಡಿದದ್ದು ಬೇರೆ ದಾರಿ. 1972ರಲ್ಲಿ ಈ ಕಂಪನಿ ಕಟ್ಟಿದ ಇಕುತಾರೊ ಕಾಕೆಹಾಶಿ, ಹರೆಯದಲ್ಲಿ ಗಡಿಯಾರ, ರೇಡಿಯೊ ರಿಪೇರಿ ಮಾಡಿ ಬದುಕು ಕಟ್ಟಿಕೊಂಡವರು. ಅವರ ಕಂಪನಿಯ ಈ ಪೆಟ್ಟಿಗೆಯ ಬಲ ಒಡೆಯದ ದನಿಯಲ್ಲೇ ಇತ್ತು. ಒಳಗೆ 60 ವಾಟಿನ ಎರಡು ಆಂಪ್ಲಿಫೈಯರು, 12 ಅಂಗುಲದ ಎರಡು ಸ್ಪೀಕರು. ಒಡಕು ದನಿಗೆಂದೂ ಒಂದು ಗುಂಡಿಯನ್ನು ಇಟ್ಟರೆನ್ನಿ. ಅದನ್ನು ಮೆಚ್ಚಿದವರು ಕಡಿಮೆ.

ಹೆಸರಿನಲ್ಲಿರುವ ‘ಕೋರಸ್’ ಏನೆಂಬುದು ಬಯಲಾಟ ನೋಡಿದವರಿಗೆ ಬೇಗ ತಿಳಿಯುತ್ತದೆ. ಹಿಮ್ಮೇಳದವರು ಕೂಡಿ ಹಾಡುವಾಗ ಯಾವ ಎರಡು ಕಂಠಗಳೂ ತಂತಿ ಹಿಡಿದಂತೆ ಒಂದೇ ಆಗಿರುವುದಿಲ್ಲ. ಒಬ್ಬರದು ಕೂದಲೆಳೆಯಷ್ಟು ತಡ, ಇನ್ನೊಬ್ಬರ ಶ್ರುತಿಯಲ್ಲಿ ಎಳ್ಳಷ್ಟು ವ್ಯತ್ಯಾಸ. ಆ ಅಂತರದಿಂದಲೇ ಹಾಡಿಗೆ ತುಂಬುತನ. ಈ ಪೆಟ್ಟಿಗೆಯೂ ಒಂದು ಸ್ಪೀಕರಿಗೆ ಗಿಟಾರಿನ ದನಿಯನ್ನು ಇದ್ದಂತೆಯೇ ಕಳಿಸುತ್ತದೆ. ಇನ್ನೊಂದಕ್ಕೆ ಅದೇ ದನಿಯನ್ನು ಅತಿ ಸ್ವಲ್ಪ ತಡಮಾಡಿ, ತುಸು ತೂಗಾಡಿಸಿ ಕಳಿಸುತ್ತದೆ. ಎರಡೂ ಬೆರೆಯುವುದು ಹೊರಗಿನ ಗಾಳಿಯಲ್ಲಿ. ಒಂದೇ ಗಿಟಾರು ಮೇಳದಂತೆ ಕೇಳುತ್ತದೆ.

ಕಲಿಯುವವರಿಗೆ ಸ್ವಚ್ಛ ದನಿ ಮಾತ್ರ ದಾಕ್ಷಿಣ್ಯವಿಲ್ಲದ ಮೇಷ್ಟರು. ಅರೆಬರೆ ಒತ್ತಿದ ತಂತಿ, ಒಂದು ಜೋರು ಒಂದು ಮೆಲ್ಲಗೆ ಬಿದ್ದ ಮೀಟು, ತಡವಾದ ಬೆರಳು ಎಲ್ಲವೂ ಬಯಲಾಗುತ್ತವೆ. ಒಡಕು ದನಿಯ ಗದ್ದಲದಲ್ಲಿ ಇಂಥ ಎಷ್ಟೋ ತಪ್ಪುಗಳು ಅಡಗಿಬಿಡುತ್ತವೆ, ಅಡಗಿದ ತಪ್ಪು ಕೈಗೆ ಅಂಟಿಕೊಳ್ಳುತ್ತದೆ. ಹಾಗೆಂದು ಮಗಳು ಗಿಟಾರು ಹಿಡಿದ ಕೂಡಲೇ ಅಪ್ಪ ಜಪಾನಿನ ಪೆಟ್ಟಿಗೆಗೆ ಸಾಲ ಮಾಡಬೇಕಿಲ್ಲ. ಸಣ್ಣ ಆಂಪ್ಲಿಫೈಯರಿನಲ್ಲೂ ಸದ್ದು ತಗ್ಗಿಸಿ ನುಡಿಸಿದರೆ ದನಿ ಒಡೆಯುವುದಿಲ್ಲ. ಅವಳ ತಪ್ಪು ಅವಳಿಗೆ ಕೇಳಿಸುತ್ತದೆ, ಪಕ್ಕದ ಮನೆಯವರಿಗೆ ನಿದ್ದೆಯೂ ಬರುತ್ತದೆ.